ಒಂದೇ ಕೈಯ ಬೀಡಿ

ನನ್ನ ಅಮ್ಮ ಬೀಡಿ ಇಲ್ಲದೆಯೂ ಬೀಡಿ ಕಟ್ಟುತ್ತಿದ್ದಳು. ಬಸ್ಸಿಗೆ ಕಾಯುವಾಗ, ಊಟದ ಎಲೆಯ ಮುಂದೆ ಕೂತಾಗ, ನೆರೆಯವರೊಡನೆ ಬೇಲಿಯ ಬಳಿ ಮಾತಿಗೆ ನಿಂತಾಗ, ಅವಳ ಬಲಗೈಯ ಹೆಬ್ಬೆರಳು ತೋರುಬೆರಳಿನ ಮೇಲೆ ಮೆಲ್ಲಗೆ ಉರುಳುತ್ತಲೇ ಇರುತ್ತಿತ್ತು. ಬೆರಳುಗಳ ನಡುವೆ ಎಲೆಯೂ ಇಲ್ಲ, ಹೊಗೆಸೊಪ್ಪಿನ ಹುಡಿಯೂ ಇಲ್ಲ. ನಾವು ಅದನ್ನು ಅವಳ ಗುಣವೆಂದೇ ತಿಳಿದಿದ್ದೆವು. ಕೆಲವರಿಗೆ ಕಾಲು ಅಲುಗಿಸುವ ಚಾಳಿ ಇರುತ್ತದೆ, ಇವಳಿಗೆ ಬೀಡಿ ಸುತ್ತುವ ಚಾಳಿ ಎಂದುಕೊಂಡಿದ್ದೆವು.

ಐವತ್ತರ ದಶಕದ ಕೊನೆಯ ವರ್ಷಗಳಲ್ಲಿ ಮೂಡಬಿದ್ರೆಯ ಹತ್ತಿರದ ನಮ್ಮ ಬೆಳುವಾಯಿಯ ಕಡೆ ಯಾವ ಮನೆಯ ಜಗಲಿಗೆ ಹೋದರೂ ತೊಡೆಯ ಮೇಲೆ ತಡ್ಪೆ ಇಟ್ಟುಕೊಂಡ ಹೆಂಗಸರು ಕಾಣಸಿಗುತ್ತಿದ್ದರು. ತಡ್ಪೆ ಅಂದರೆ ನಮ್ಮಲ್ಲಿ ಅಕ್ಕಿ ಕೇರುವ ಮೊರ. ಅಕ್ಕಿ ಕೇರಿ ಆದ ಮೇಲೆ ಅದೇ ತಡ್ಪೆಯಲ್ಲಿ ಬೀಡಿಯ ಎಲೆ, ಹುಡಿ, ನೂಲು, ಕತ್ತರಿ ಬಂದು ಕೂರುತ್ತಿದ್ದವು. ಎಡಗೈಯಲ್ಲಿ ಎಲೆ ಹಿಡಿದು, ಹುಡಿ ಹರಡಿ, ಎರಡೂ ಕೈಯ ಬೆರಳುಗಳಿಂದ ಸುತ್ತಿ, ಅದರ ಬಾಯಿ ಮಡಚಿ, ನೂಲು ಬಿಗಿದರೆ ಒಂದು ಬೀಡಿ. ಅಮ್ಮ ಅದನ್ನು ಮಾಡುವಾಗ ನೋಡಬೇಕಿತ್ತು. ಬಾಯಲ್ಲಿ ಊರಿನ ಸುದ್ದಿ, ಕಣ್ಣು ಅಂಗಳದ ಕೋಳಿಯ ಮೇಲೆ, ಕೈ ಮಾತ್ರ ತನ್ನ ಪಾಡಿಗೆ ತಾನು.

ನನ್ನ ಕೈಗೆ ಆ ವಿದ್ಯೆ ಹತ್ತಲಿಲ್ಲ. ನಾನು ಸುತ್ತಿದ್ದು ನಡುವೆ ಉಬ್ಬಿಕೊಂಡು ನಿಲ್ಲುತ್ತಿತ್ತು. ಅಮ್ಮ ಅದಕ್ಕೆ ಬಸುರಿ ಬೀಡಿ ಎಂದು ಹೆಸರಿಟ್ಟಿದ್ದಳು. ಎಲೆ, ಹುಡಿ ತಂದು, ಕಟ್ಟಿದ ಬೀಡಿ ಕೊಂಡುಹೋಗಿ ಒಪ್ಪಿಸುವ ಜಾಗವನ್ನು ಬ್ರಾಂಚು ಎನ್ನುತ್ತಿದ್ದೆವು. ಅಲ್ಲಿನವರು ನನ್ನ ಬೀಡಿಗಳನ್ನು ಹುಡುಕಿ ಹುಡುಕಿ ಬದಿಗಿಡುತ್ತಿದ್ದರು. ಕೊನೆಗೆ ಅಮ್ಮ, ನೀನು ಶಾಲೆಗೇ ಹೋಗು, ಎಲೆಯಾದರೂ ಉಳಿಯಲಿ ಎಂದಳು. ನಾನು ಓದಿದವಳಾದದ್ದು ಹೀಗೆ. ಇದರಲ್ಲಿ ನನ್ನ ಬುದ್ಧಿವಂತಿಕೆಯ ಪಾಲು ಏನೂ ಇಲ್ಲ. ತಂಗಿ ಮಾತ್ರ ಅಮ್ಮನ ಬೆರಳುಗಳನ್ನೇ ಪಡೆದುಕೊಂಡು ಹುಟ್ಟಿದವಳು. ಅವಳು ಸುತ್ತಿದ ಬೀಡಿಯನ್ನೂ ಅಮ್ಮನದ್ದನ್ನೂ ಬೆರೆಸಿಟ್ಟರೆ ಬ್ರಾಂಚಿನವರಿಗೇ ಬೇರೆ ಮಾಡಲಿಕ್ಕೆ ಆಗುತ್ತಿರಲಿಲ್ಲ.

ಅಮ್ಮನ ತವರು ವಾಮದಪದವು. ಅಲ್ಲಿ ಒಂದು ಮದುವೆಗೆ ಹೋಗಿದ್ದೆವು. ಊಟದ ಪಂಕ್ತಿಯಲ್ಲಿ ಅಮ್ಮ ಕೂತಿದ್ದಾಳೆ, ಇನ್ನೂ ಬಡಿಸುವವರು ಬಂದಿಲ್ಲ, ಬಲಗೈ ಮೊಣಕಾಲಿನ ಮೇಲಿದ್ದು ತನ್ನ ಕೆಲಸ ಶುರು ಮಾಡಿತು. ಎದುರು ಕೂತಿದ್ದ ಮಾವನ ಹೆಂಡತಿ ಅದನ್ನು ಕಂಡು, "ಅತ್ತಿಗೆ, ಇಲ್ಲಿಯೂ ಒಂದು ಬ್ರಾಂಚು ತೆರೆದಿರಾ ಹೇಗೆ?" ಎಂದರು. ಇಡೀ ಪಂಕ್ತಿ ನಕ್ಕಿತು. ಅಮ್ಮನೂ ನಕ್ಕಳು. ಕೈ ಕಲಿತದ್ದು ಸುಟ್ಟರೂ ಹೋಗುವುದಿಲ್ಲ ಎಂದು ಯಾರೋ ಮುದುಕಿ ಮೆಚ್ಚಿ ಹೇಳಿದರು. ಆ ದಿನ ಅಮ್ಮ ಸ್ವಲ್ಪ ಬೀಗಿಕೊಂಡೇ ಮನೆಗೆ ಬಂದಳೆಂದು ನನಗೆ ನೆನಪು.

ಅಪ್ಪ ಬಸ್ಸಿನ ಡ್ರೈವರ್. ಬಂಟ್ವಾಳದಿಂದ ಹೊರಟು ಮೂಡಬಿದ್ರೆಯ ಮೇಲಾಗಿ ಬೆಳುವಾಯಿಗೆ ಬರುವ ಬಸ್ಸು ಅದು. ಮಾತು ಕಡಿಮೆ. ಅವನಿಗೂ ಈ ಕೈಯ ವಿಷಯದಲ್ಲಿ ಒಂದು ಸಮಾಧಾನ ಇತ್ತು. ದಿನವಿಡೀ ಸ್ಟಿಯರಿಂಗ್ ಹಿಡಿದ ಕೈ ಮನೆಗೆ ಬಂದ ಮೇಲೆಯೂ ಸ್ವಲ್ಪ ಹೊತ್ತು ನಡುಗುತ್ತಿರುತ್ತದೆ, ಒಂದು ಚೆಂಬು ಬಿಸಿನೀರು ಹೊಯ್ದುಕೊಂಡರೆ ನಿಲ್ಲುತ್ತದೆ ಎನ್ನುತ್ತಿದ್ದ. ಎಲ್ಲರಿಗೂ ಅವರವರ ಕೆಲಸವೇ ಕಣ್ಣಿಗೆ ಕಾಣುವುದು.

ಹಾಗಲ್ಲ ಎಂದು ಮೊದಲು ಕಂಡುಹಿಡಿದವಳು ತಂಗಿ. ಒಂದು ಮಧ್ಯಾಹ್ನ ಊಟ ಮುಗಿಸಿ ಮೂವರೂ ಜಗಲಿಯಲ್ಲಿದ್ದೆವು. ಅಮ್ಮ ಕಂಬಕ್ಕೆ ಒರಗಿ ಕಾಲು ಚಾಚಿದ್ದಳು. ಎಂದಿನಂತೆ ಬಲಗೈ ಉರುಳುತ್ತಿತ್ತು. ತಂಗಿ ಎಲೆ ಕತ್ತರಿಸುವುದನ್ನು ನಿಲ್ಲಿಸಿ ಅಮ್ಮನನ್ನೇ ನೋಡುತ್ತಾ ಕೂತಳು. ಆಮೇಲೆ ಕೇಳಿದಳು.

"ಅಮ್ಮ, ನಿನ್ನ ಎಡಗೈ ಯಾಕೆ ಸುಮ್ಮನೆ ಕೂತದ್ದು? ಒಂದೇ ಕೈಯಲ್ಲಿ ಬೀಡಿ ಆಗುವುದಿಲ್ಲವಲ್ಲ."

ಅಮ್ಮ ತನ್ನ ಎರಡು ಕೈಗಳನ್ನೂ ನೋಡಿಕೊಂಡಳು. ಎಡಗೈ ಸೀರೆಯ ಮೇಲೆ ಮಲಗಿದ್ದ ಹಾಗೆ ಇತ್ತು. ಬಲಗೈ ಉರುಳುತ್ತಿತ್ತು. ನಿಲ್ಲಿಸು ಎಂದು ನಾನು ಹೇಳಿದೆ. ಅವಳು ಪ್ರಯತ್ನಿಸಿದಳು. ಒಂದು ಕ್ಷಣ ನಿಂತಿತು, ಮತ್ತೆ ಶುರುವಾಯಿತು. ಆಗ ಅವಳ ಮುಖದಲ್ಲಿ ಕಂಡದ್ದು ಹೆದರಿಕೆಯಲ್ಲ, ನಾಚಿಕೆ. ತನ್ನದೇ ಕೈ ತಾನು ಹೇಳಿದ್ದನ್ನು ಕೇಳದೆ ಮಕ್ಕಳ ಎದುರು ಮರ್ಯಾದೆ ತೆಗೆಯಿತಲ್ಲ ಎಂಬಂಥ ನಾಚಿಕೆ. ಅವಳು ತಡ್ಪೆಯಿಂದ ಒಂದು ಎಲೆ ತೆಗೆದುಕೊಂಡಳು. ಎಲೆ ಹಿಡಿದದ್ದೇ ತಡ, ಕೈ ಸುಮ್ಮನಾಯಿತು.

ಇದೊಂದು ಕಾಯಿಲೆ. ಅದರ ರೀತಿಯೇ ಹೀಗೆ ಎಂದು ನಾನು ಎಷ್ಟೋ ಕಾಲದ ಮೇಲೆ ಓದಿ ತಿಳಿದೆ. ಶುರುವಿನಲ್ಲಿ ಕೆಲಸ ಮಾಡುವ ಕೈ ನಡುಗುವುದಿಲ್ಲ, ಬಿಡುವಾಗಿ ಇಟ್ಟ ಕೈ ನಡುಗುತ್ತದೆ. ಅಮ್ಮ ಅದನ್ನು ಆ ಮಧ್ಯಾಹ್ನವೇ ಕಂಡುಕೊಂಡಳು. ಅಂದಿನಿಂದ ಎಲ್ಲಿಗೆ ಹೊರಟರೂ ಸೊಂಟದಲ್ಲಿ ಒಂದು ತುಂಡು ಬೀಡಿ ಎಲೆ ಸಿಕ್ಕಿಸಿಕೊಳ್ಳುತ್ತಿದ್ದಳು. ಜನರ ನಡುವೆ ಕೂತಾಗ ಅದನ್ನು ತೆಗೆದು ಬೆರಳಿನಲ್ಲಿ ಆಡಿಸುತ್ತಿದ್ದಳು. ನೋಡಿದವರು, ಇವಳೊಬ್ಬಳು, ದೇವರ ಎದುರೂ ಬೀಡಿ ಬಿಡುವುದಿಲ್ಲ ಎಂದು ನಗುತ್ತಿದ್ದರು. ನಗಲಿ ಎಂದು ಬಿಟ್ಟಿದ್ದಳು.

ಮನೆಯಲ್ಲಿ ಗುಟ್ಟು ನಿಲ್ಲುವುದು ಎಷ್ಟು ದಿನ? ವಾಮದಪದವಿನಿಂದ ಅಜ್ಜಿ ಬಂದವಳು ನೋಡಿ, ಇದು ದೈವದ ದರ್ಶನವೇ ಇರಬೇಕು, ಕುಟುಂಬದ ದೈವಕ್ಕೆ ನಿನ್ನ ಮೇಲೆ ಬರುವ ಮನಸ್ಸಾಗಿದೆ ಎಂದಳು. ನಮ್ಮ ಕಡೆ ದೈವ ಮೈಮೇಲೆ ಬರುವುದು ನಡುಕದಿಂದಲೇ. ಹಾಗಾಗಿ ನಡುಗುವವರನ್ನು ಕಂಡರೆ ಮೊದಲು ಕೈಮುಗಿಯುವುದು, ಆಮೇಲೆ ಮದ್ದಿನ ಯೋಚನೆ. ಅಮ್ಮನಿಗೆ ದೈವದ ಮೇಲೆ ಭಕ್ತಿ ಇತ್ತು, ಅಜ್ಜಿಯ ಮೇಲೂ ಇತ್ತು. ಆದರೆ ಅವಳ ನಾಲಿಗೆ ಯಾರಿಗೂ ಕಾಯುವುದಲ್ಲ. "ಬರುವುದಾದರೆ ಇಡೀ ಮೈಗೆ ಬರಲಿ. ಎರಡು ಬೆರಳಿಗೆ ಬರುವ ದೈವ ಯಾವುದು?" ಎಂದು ಕೇಳಿದಳು.

ಅಪ್ಪ ಒಂದು ದಿನ ರಜೆ ಹಾಕಿ ಅವಳನ್ನು ಮೂಡಬಿದ್ರೆಯ ಡಾಕ್ಟರ ಬಳಿ ಕರೆದುಕೊಂಡು ಹೋದ. ನಾನೂ ಹೋಗಿದ್ದೆ. ಡಾಕ್ಟರು ಅವಳನ್ನು ನಡೆಸಿ ನೋಡಿದರು. ಎಡಗೈ ಬೀಸುತ್ತಿತ್ತು, ಬಲಗೈ ಮೈಗೆ ಅಂಟಿಕೊಂಡೇ ಇತ್ತು. ನಾವು ಅದನ್ನು ಅಷ್ಟರವರೆಗೆ ಗಮನಿಸಿಯೇ ಇರಲಿಲ್ಲ. ಮೊಣಕೈ ಮಡಚಿ ಬಿಡಿಸಿ ನೋಡಿದರು. ಆಮೇಲೆ ಕುರ್ಚಿಯಲ್ಲಿ ಕೂರಿಸಿ, ಕೈಯನ್ನು ತೊಡೆಯ ಮೇಲೆ ಬಿಡಲು ಹೇಳಿ, ಅದು ಉರುಳುವುದನ್ನು ನೋಡುತ್ತಾ, ತಮ್ಮ ಪುಸ್ತಕದಲ್ಲಿ ಇದಕ್ಕೆ ಮಾತ್ರೆ ಉರುಟುವ ನಡುಕ ಎಂಬ ಹೆಸರು ಉಂಟೆಂದು ಹೇಳಿದರು. ಮಾತ್ರೆಯನ್ನು ಉರುಟುವುದು ಯಾರೆಂದು ಅಮ್ಮ ಕೇಳಿದಳು. ಹಿಂದೆ ಯಂತ್ರ ಇಲ್ಲದಾಗ ಔಷಧದ ಅಂಗಡಿಯವರು ಕೈಯಲ್ಲೇ ಉರುಟುತ್ತಿದ್ದರು ಎಂದು ಅವರು ತಾಳ್ಮೆಯಿಂದಲೇ ವಿವರಿಸಿದರು.

"ಆ ಪುಸ್ತಕ ಬರೆದವರು ಬೀಡಿ ಕಟ್ಟುವುದನ್ನು ನೋಡಿರಲಿಕ್ಕಿಲ್ಲ, ಡಾಕ್ಟ್ರೇ" ಎಂದಳು ಅಮ್ಮ.

ಡಾಕ್ಟರು ಜೋರಾಗಿ ನಕ್ಕರು. ಒಳ್ಳೆಯ ಮನುಷ್ಯ. ಪಾರ್ಕಿನ್ಸನ್ ಎಂಬ ಹೆಸರನ್ನು ಹೇಳಿ, ಅದು ಇದನ್ನು ಮೊದಲು ವಿವರಿಸಿದ ಇಂಗ್ಲೆಂಡಿನ ಡಾಕ್ಟರೊಬ್ಬರ ಹೆಸರು ಎಂದರು. ದಾರಿಯುದ್ದಕ್ಕೂ ಅಮ್ಮ ಅದನ್ನು ಬಾಯಿಪಾಠ ಮಾಡಲು ನೋಡಿದಳು, ಬರಲಿಲ್ಲ. ನಡುಗುವುದು ನಾನು, ಹೆಸರು ಅವನದ್ದು, ಇದು ನಾವು ಕಟ್ಟಿದ ಬೀಡಿಗೆ ಧಣಿ ತನ್ನ ಲೇಬಲ್ ಅಂಟಿಸಿದ ಹಾಗೆಯೇ ಆಯಿತು ಎಂದು ಬಸ್ಸಿನಲ್ಲಿ ಗೊಣಗಿದಳು. ಡಾಕ್ಟರು ಕೊಟ್ಟ ಮಾತ್ರೆಯಿಂದ ನಡುಕ ಸ್ವಲ್ಪ ತಗ್ಗಿತು, ಬಾಯಿ ಮಾತ್ರ ಒಣಗಿ ಕಟ್ಟಿಗೆಯಾಗುತ್ತಿತ್ತು. ಮಾತಾಡುವುದೇ ಉಸಿರಾದವಳಿಗೆ ಬಾಯಿ ಒಣಗುವ ಮದ್ದು. ಒಂದು ದಿನ ತೆಗೆದುಕೊಳ್ಳುತ್ತಿದ್ದಳು, ಒಂದು ದಿನ ಬಿಡುತ್ತಿದ್ದಳು.

ಆದರೆ ಅವಳಿಗೆ ಬೇಕಾದದ್ದು ಹೆಸರೂ ಅಲ್ಲ, ಮದ್ದೂ ಅಲ್ಲ. ನಮ್ಮ ಮನೆಯ ಮಾತು ತುಳು. ತುಳುವಿನಲ್ಲಿ ಯಾಕೆ ಎನ್ನುವುದಕ್ಕೆ 'ದಾಯೆ' ಎನ್ನುತ್ತೇವೆ. ಅಮ್ಮ ಡಾಕ್ಟರ ಹತ್ತಿರ ಕೇಳಿದ ಕೊನೆಯ ಮಾತು ಅದೇ, ದಾಯೆ? ಅವರು ಕೈಚೆಲ್ಲಿ, ಇದು ಯಾಕೆ ಬರುತ್ತದೆಂದು ಯಾರಿಗೂ ಗೊತ್ತಿಲ್ಲ ಎಂದರು. ಅಮ್ಮನಿಗೆ ಆ ಉತ್ತರ ಸಾಲಲಿಲ್ಲ. ಗೊತ್ತಿಲ್ಲ ಎಂದು ಬಿಟ್ಟುಬಿಡಲು ಅದು ಅವಳೊಬ್ಬಳ ಕೈಯ ಪ್ರಶ್ನೆಯಾಗಿರಲಿಲ್ಲ. ಪಕ್ಕದಲ್ಲೇ ತಂಗಿ ಕೂತು ಅದೇ ಎಲೆ, ಅದೇ ಹುಡಿ, ಅದೇ ಬೆರಳುಗಳಿಂದ ಬೀಡಿ ಸುತ್ತುತ್ತಿದ್ದಳು.

ಯೋಚಿಸಿ ಯೋಚಿಸಿ ಅಮ್ಮ ತಾನೇ ಒಂದು ತೀರ್ಮಾನಕ್ಕೆ ಬಂದಳು. ನಡುಗುವುದು ಯಾವ ಬೆರಳು? ಹುಡಿ ಮುಟ್ಟುವ ಬೆರಳು. ಹಾಗಾದರೆ ಹೊಗೆಸೊಪ್ಪಿನ ನಂಜೇ ಬೆರಳಿನ ತುದಿಯಿಂದ ಮೇಲೆ ಹತ್ತಿದ್ದು. ಇದರ ಎದುರು ವಾದ ಮಾಡುವುದು ಸುಲಭವಿರಲಿಲ್ಲ. ಮರುದಿನವೇ ತಂಗಿಗೆ ಅಪ್ಪಣೆಯಾಯಿತು, ನಾಳೆಯಿಂದ ನೀನು ಬೀಡಿ ಮುಟ್ಟಬಾರದು.

ತಂಗಿ ಒಪ್ಪಲಿಲ್ಲ. ಅವಳಿಗೆ ಆಗ ಹದಿನೈದು ಹದಿನಾರು. ಶಾಲೆ ಅವಳಿಗೆ ಹಿಡಿಸಿರಲಿಲ್ಲ, ಅಡಿಗೆಯಲ್ಲಿ ಮನಸ್ಸಿಲ್ಲ. ಜಗತ್ತಿನಲ್ಲಿ ತನಗೆ ಚೆನ್ನಾಗಿ ಬರುವ ಒಂದು ಕೆಲಸವನ್ನು ಬಿಡು ಎಂದರೆ ಯಾರು ಬಿಡುತ್ತಾರೆ? ಅಮ್ಮ ಅವಳ ಕತ್ತರಿಯನ್ನು ಅಡಗಿಸಿಟ್ಟಳು. ತಂಗಿ ಪಕ್ಕದ ಮನೆಯ ಜಗಲಿಗೆ ಹೋಗಿ ಸುತ್ತಿದಳು. ಅಮ್ಮ ಅಲ್ಲಿಗೂ ಹೋಗಿ ಜಗಳ ಮಾಡಿ ಬಂದಳು. ಪಕ್ಕದ ಮನೆಯವರು ನಮ್ಮ ಎರಡು ಕೋಳಿ ತಮ್ಮ ಅಂಗಳಕ್ಕೆ ಬಂದದ್ದನ್ನು ಆ ವಾರ ಹಿಂದೆ ಕಳಿಸಲಿಲ್ಲ. ಅಪ್ಪ ಇವರಿಬ್ಬರ ನಡುವೆ ಬಾಯಿ ಹಾಕದೆ ಬಸ್ಸು ತೊಳೆಯುವ ನೆವದಲ್ಲಿ ಹೊರಗೇ ಉಳಿಯುತ್ತಿದ್ದ.

ಮತ್ತೊಂದು ಹೊಸ ಪದ್ಧತಿ ಶುರುವಾಯಿತು. ಸಂಜೆ ದೀಪ ಹಚ್ಚಿದ ಮೇಲೆ ಅಮ್ಮ ತಂಗಿಯನ್ನು ಹತ್ತಿರ ಕರೆದು, ಅವಳ ಬಲಗೈಯನ್ನು ತನ್ನ ಕೈಯೊಳಗೆ ಇಟ್ಟುಕೊಂಡು ಕಣ್ಣುಮುಚ್ಚಿ ಕೂರುತ್ತಿದ್ದಳು. ಹಾಲು ಉಕ್ಕುತ್ತದೆಯೋ ಎಂದು ಕಾಯುವವರ ಹಾಗೆ ಉಸಿರು ಹಿಡಿದು ಕಾಯುತ್ತಿದ್ದಳು. ಸ್ವಲ್ಪ ಹೊತ್ತಿಗೆ ಕಣ್ಣು ತೆರೆದು, "ಅಲುಗಿತು" ಎನ್ನುತ್ತಿದ್ದಳು.

"ಅದು ನಿನ್ನ ಕೈ, ಅಮ್ಮ" ಎನ್ನುತ್ತಿದ್ದಳು ತಂಗಿ.

"ಯಾರದ್ದು ಅಂತ ನನಗೆ ಹೇಗೆ ಗೊತ್ತಾಗಬೇಕು?"

ನಾನು ಅದನ್ನು ಮೊದಲ ಸಲ ಕೇಳಿದಾಗ ನಗು ಬಂತು. ಆಮೇಲೆ ನಗು ಬರಲಿಲ್ಲ. ಮಗಳಿಗೆ ಜ್ವರ ಇದೆಯೇ ಎಂದು ತಾಯಿ ಹಣೆ ಮುಟ್ಟಿ ನೋಡುತ್ತಾಳೆ. ತಾಯಿಗೇ ಜ್ವರವಿದ್ದರೆ ಮುಟ್ಟಿದ್ದೆಲ್ಲ ತಣ್ಣಗಿರುತ್ತದೆ. ಅಮ್ಮನದ್ದು ಅದಕ್ಕಿಂತ ಕಷ್ಟದ ಸ್ಥಿತಿ. ಅವಳು ಮುಟ್ಟಿದ್ದೆಲ್ಲ ಅಲುಗುತ್ತಿತ್ತು.

ಎಡಗೈಯಲ್ಲಿ ಹಿಡಿದು ನೋಡು ಎಂದು ನಾನು ಸೂಚಿಸಿದೆ. ಕೆಲವು ತಿಂಗಳು ಹಾಗೆ ನಡೆಯಿತು. ಆಮೇಲೆ ಎಡಗೈಯೂ ಶುರು ಮಾಡಿತು.

ನಾನು ಮಂಗಳೂರಿನ ಕಾಲೇಜಿಗೆ ಸೇರಿ ವಿಜ್ಞಾನ ತೆಗೆದುಕೊಂಡೆ. ಹೊರಡುವ ದಿನ ಅಮ್ಮ ಅವಲಕ್ಕಿ ಕಟ್ಟಿಕೊಟ್ಟು, ಬೇರೆ ಯಾವ ಬುದ್ಧಿವಾದವನ್ನೂ ಹೇಳದೆ, "ದಾಯೆ ಅಂತ ಕೇಳಿಕೊಂಡು ಬಾ" ಎಂದಳು, ಪೇಟೆಗೆ ಹೋಗುವವರ ಹತ್ತಿರ ಉಪ್ಪು ತರಲು ಹೇಳಿದಂತೆ. ಪದವಿ ಮುಗಿದ ಮೇಲೆ ಅಲ್ಲೇ ಒಂದು ಪ್ರಯೋಗಾಲಯದಲ್ಲಿ ಸಹಾಯಕಿಯ ಕೆಲಸ ಸಿಕ್ಕಿತು. ಜೀವರಸಾಯನ ವಿಭಾಗ. ಅದು ಅರವತ್ತರ ದಶಕದ ನಡುವಿನ ಮಾತು.

ನನ್ನ ಮೇಲಿನವರು ಮಿದುಳಿನ ರಾಸಾಯನಿಕಗಳ ಮೇಲೆ ಕೆಲಸ ಮಾಡುತ್ತಿದ್ದರು. ದೊಡ್ಡ ಸಂಶೋಧನೆಯೇನಲ್ಲ. ಹೊರದೇಶಗಳಲ್ಲಿ ಕಂಡುಕೊಂಡದ್ದು ನಮ್ಮ ಬಡ ಸಲಕರಣೆಗಳಲ್ಲೂ ಕಾಣುತ್ತದೆಯೇ ಎಂದು ನೋಡುವ ಪ್ರಯತ್ನ. ನನ್ನ ಪಾಲಿಗೆ ಬಂದದ್ದು ಬೆಳಿಗ್ಗೆ ಕಸಾಯಿ ಅಂಗಡಿಗೆ ಹೋಗಿ, ಆಗಷ್ಟೇ ಕೊಂದ ಆಡಿನ ಮಿದುಳು ತರುವುದು. ಅದು ಕೆಡದ ಹಾಗೆ ಮಂಜುಗಡ್ಡೆ ಬೇಕು. ಮಂಜುಗಡ್ಡೆ ಸಿಗುವುದು ಮೀನಿನ ದೋಣಿಗಳು ಬಂದು ನಿಲ್ಲುವ ಧಕ್ಕೆಯಲ್ಲಿ. ಹಾಗಾಗಿ ನಮ್ಮ ಪ್ರಯೋಗಾಲಯಕ್ಕೆ ಯಾವಾಗಲೂ ಬಂಗುಡೆಯ ವಾಸನೆ. ಆ ಮಿದುಳಿನ ಬೇಕಾದ ಭಾಗವನ್ನು ಬಿಡಿಸಿ, ಗಾಜಿನ ಕೊಳವೆಯಲ್ಲಿ ಅರೆದು, ಆಮ್ಲ ಹಾಕಿ, ಸೋಸಿ, ಕೊನೆಗೆ ಒಂದು ಯಂತ್ರದ ಬೆಳಕಿನಡಿ ಇಟ್ಟರೆ, ನಾವು ಹುಡುಕುವ ವಸ್ತು ಅದರಲ್ಲಿದ್ದರೆ ಮಿನುಗುತ್ತದೆ, ಯಂತ್ರದ ಮುಳ್ಳು ಏರುತ್ತದೆ. ಅರೆಯುವ ಕೆಲಸದಲ್ಲಿ ನನ್ನನ್ನು ಎಲ್ಲರೂ ಹೊಗಳುತ್ತಿದ್ದರು. ಬೀಡಿ ಬಾರದ ಕೈಗೆ ಇದಾದರೂ ಬಂತು.

ಆ ವಸ್ತುವಿನ ಹೆಸರು ಡೋಪಮಿನ್. ಒಂದು ದಿನ ನನ್ನ ಮೇಲಿನವರು ನನ್ನನ್ನು ಪಕ್ಕದ ವಿಭಾಗಕ್ಕೆ ಕರೆದುಕೊಂಡು ಹೋಗಿ ಮನುಷ್ಯನ ಮಿದುಳಿನ ಒಂದು ಹೋಳು ತೋರಿಸಿದರು. ಬಿಳಿಚಿಕೊಂಡ ಮಾಂಸದ ನಡುವೆ ಎರಡೂ ಬದಿಗೆ ಒಂದೊಂದು ಕಪ್ಪು ಗೆರೆ, ಕಣ್ಣಿಗೆ ಹಚ್ಚಿದ ಕಾಡಿಗೆಯ ಹಾಗೆ. ಡೋಪಮಿನ್ ತಯಾರಿಸಿ ಕಳಿಸುವ ಜೀವಕೋಶಗಳು ಇರುವುದು ಆ ಕಪ್ಪಿನಲ್ಲಿ. ನಡುಗುವ ಕಾಯಿಲೆಯವರು ಸತ್ತ ಮೇಲೆ ಮಿದುಳು ತೆರೆದು ನೋಡಿದರೆ ಅಲ್ಲಿ ಕಪ್ಪು ಮಾಸಿರುತ್ತದೆ, ಡೋಪಮಿನ್ ತೀರ ಕಡಿಮೆಯಾಗಿರುತ್ತದೆ ಎಂದರು. ಅವರಿಗೆ ನನ್ನ ಅಮ್ಮನ ವಿಷಯ ಗೊತ್ತಿರಲಿಲ್ಲ. ನಾನು ತಲೆ ಅಲ್ಲಾಡಿಸುತ್ತಾ ಕೇಳಿಕೊಂಡೆ.

ಮರುದಿನ ಯಂತ್ರದ ಮುಳ್ಳು ಏರುವುದನ್ನು ನೋಡುತ್ತಾ ನಿಂತವಳಿಗೆ ಅಳು ಬಂತು. ಸತ್ತ ಆಡಿನ ತಲೆಯಲ್ಲಿ ಇದ್ದದ್ದು ಬೆಳುವಾಯಿಯಲ್ಲಿ ಬದುಕಿದ್ದ ನನ್ನ ಅಮ್ಮನ ತಲೆಯಲ್ಲಿ ಇರಲಿಲ್ಲ. ಮುಖ ಒರೆಸಿಕೊಂಡು, ಆಮ್ಲದ ಹೊಗೆ ತಾಗಿತು ಎಂದು ಹೇಳಿದೆ.

ಆ ವಾರ ಊರಿಗೆ ಹೊರಟೆ. ಮಂಗಳೂರಿನಿಂದ ಮೂಡಬಿದ್ರೆಗೆ ನೇರ ಬಸ್ಸು ಇತ್ತು. ನಾನು ಮಾತ್ರ ಬಂಟ್ವಾಳಕ್ಕೆ ಹೋಗಿ, ಅಪ್ಪನ ಬಸ್ಸಿಗೆ ಕಾದು, ಸುತ್ತು ಬಳಸಿ ಮನೆ ಸೇರುತ್ತಿದ್ದೆ. ಡ್ರೈವರನ ಹಿಂದಿನ ಸೀಟು ನನಗೆ ಇಟ್ಟಿರುತ್ತಿದ್ದ. ಸಿದ್ಧಕಟ್ಟೆ ದಾಟಿದ ಮೇಲೆ ರಸ್ತೆಯ ಮೇಲಿನ ಕಣ್ಣು ತೆಗೆಯದೆ, ಅಮ್ಮ ಈಗ ಬೀಡಿ ಬಿಟ್ಟಿದ್ದಾಳೆ ಎಂದ. ಯಾಕೆಂದು ಕೇಳಿದೆ. ಸುತ್ತಿದ ಬೀಡಿಯ ಬಾಯಿ ನಿಲ್ಲುವುದಿಲ್ಲ, ಬ್ರಾಂಚಿನಿಂದ ಹಿಂದೆ ಬರುತ್ತದೆ, ಅವಳೇ ನಿಲ್ಲಿಸಿದಳು ಎಂದ. ಸ್ವಲ್ಪ ಮುಂದೆ ಹೋದ ಮೇಲೆ, "ಎಲೆಯ ತುಂಡು ಮಾತ್ರ ಸೊಂಟದಲ್ಲಿ ಉಂಟು" ಎಂದ.

ಮನೆಯಲ್ಲಿ ಅಮ್ಮ ಜಗಲಿಯ ಅದೇ ಕಂಬಕ್ಕೆ ಒರಗಿದ್ದಳು. ಮುಖದಲ್ಲಿ ನಗು ಮೂಡುವುದು ತಡವಾಗುತ್ತಿತ್ತು, ಕಾಯಬೇಕಿತ್ತು. ಧ್ವನಿಯೂ ಇಳಿದಿತ್ತು. ಬೇಲಿಯಾಚೆಯವರಿಗೆ ಕೇಳಿಸುವ ಹಾಗೆ ಜಗಳ ಮಾಡುತ್ತಿದ್ದ ಧ್ವನಿ ಅದು. ತಂಗಿ ಒಳಗಿನಿಂದ ಚಹಾ ತಂದಳು. ನಾನು ಬಂದದ್ದು ಬರಿಗೈಯಲ್ಲಿ ಅಲ್ಲ ಎಂದು ಅಮ್ಮನಿಗೆ ನನ್ನ ಮುಖ ನೋಡಿಯೇ ಗೊತ್ತಾಗಿರಬೇಕು. ಕೇಳಿಕೊಂಡು ಬಂದೆಯಾ ಎಂದಳು.

ನಾನು ನನಗೆ ಬಂದ ಹಾಗೆ ಹೇಳಿದೆ. ಮಿದುಳಿನಲ್ಲಿ ಒಂದು ಕಾಡಿಗೆಯ ಗೆರೆ ಇರುತ್ತದೆ, ಅದೊಂದು ಬ್ರಾಂಚಿನ ಹಾಗೆ, ಅಲ್ಲಿಂದ ಹುಡಿ ಬಂದರೆ ಕೈಕಾಲು ಹೇಳಿದ ಹಾಗೆ ಕೇಳುತ್ತವೆ, ಬರದಿದ್ದರೆ ತಡ್ಪೆ ಹಿಡಿದು ಕೂತು ಏನು ಪ್ರಯೋಜನ ಎಂದೆಲ್ಲ ವಿವರಿಸಿದೆ. ಆಡಿನ ಮಿದುಳು ಅರೆಯುವುದನ್ನೂ ಹೇಳಿದೆ. ಆಡಿಗೂ ಈ ಕಾಯಿಲೆ ಬರುತ್ತದಾ ಎಂದು ಕೇಳಿದಳು. ಇಲ್ಲ ಎಂದೆ. ಮತ್ತೆ ಅದನ್ನು ಯಾಕೆ ಅರೆಯುತ್ತೀ ಪಾಪ ಎಂದಳು. ತಂಗಿ ಲೋಟ ಅಡ್ಡ ಹಿಡಿದು ನಕ್ಕಳು. ಅಮ್ಮನ ಕೈಗಳೆರಡೂ ಮಡಿಲಲ್ಲಿ ಉರುಳುತ್ತಿದ್ದವು.

"ಕಾಡಿಗೆ ಎಲ್ಲರಿಗೂ ಇರ್ತದಾ?"

"ಎಲ್ಲರಿಗೂ ಉಂಟು."

"ನನ್ನದನ್ನು ಅಳಿಸಿದ್ದು ಯಾರು ಮಗಾ? ಹೊಗೆಸೊಪ್ಪಾ?"

ಗುಡ್ಡ ಅಗೆದು ಇಲಿ ಹಿಡಿದ ಹಾಗೆ ಅನ್ನುತ್ತಾರಲ್ಲ, ನನ್ನ ಕೈಯಲ್ಲಿ ಇಲಿಯೂ ಇರಲಿಲ್ಲ. ಏನು ಕಡಿಮೆಯಾಗಿದೆ ಎಂದು ಲೋಕಕ್ಕೆ ಗೊತ್ತಾಗಿತ್ತು. ಯಾಕೆ ಕಡಿಮೆಯಾಯಿತು ಎಂದು ಕೇಳಿದರೆ ಎಲ್ಲರೂ ಮೂಡಬಿದ್ರೆಯ ಡಾಕ್ಟರ ಹಾಗೆಯೇ ಕೈಚೆಲ್ಲುತ್ತಿದ್ದರು. ಹೊಗೆಸೊಪ್ಪು ಅಲ್ಲವೇ ಅಲ್ಲ ಎಂದು ಹೇಳಿಬಿಡುವ ಎಂದು ಒಂದು ಕ್ಷಣ ಅನಿಸಿತು. ಬಾಗಿಲ ಬಳಿ ತಂಗಿ ಉಸಿರು ಬಿಗಿಹಿಡಿದು ನಿಂತಿದ್ದಳು. ಅವಳಿಗೂ ಅದೇ ಉತ್ತರ ಬೇಕಿತ್ತು. ಆದರೆ ಅಮ್ಮ ನನ್ನನ್ನು ಇಷ್ಟು ವರ್ಷ ಓದಿಸಿದ್ದು ಕಣ್ಣೊರೆಸುವ ಮಾತಿಗೆ ಅಲ್ಲ.

"ಗೊತ್ತಿಲ್ಲ ಅಮ್ಮ. ಹೊಗೆಸೊಪ್ಪು ಅಂತಲೂ ಗೊತ್ತಿಲ್ಲ, ಅಲ್ಲ ಅಂತಲೂ ಗೊತ್ತಿಲ್ಲ. ಹುಡುಕುತ್ತಾ ಇದ್ದಾರೆ."

ಅವಳು ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ. ಅಷ್ಟು ಆಡು ಕೊಂದರೂ ಗೊತ್ತಾಗಲಿಲ್ಲವಾ ಎಂದಳು ಅಷ್ಟೆ. ಆಮೇಲೆ ತಂಗಿಯನ್ನು ಕರೆದು ನಮ್ಮಿಬ್ಬರ ನಡುವೆ ಕೂರಿಸಿದಳು.

"ನನ್ನ ಕೈಗೆ ಇನ್ನು ತಿಳಿಯುವುದಿಲ್ಲ. ನೀನು ಹಿಡಿದು ನೋಡಿ ಹೇಳು."

ನಾನು ತಂಗಿಯ ಬಲಗೈಯನ್ನು ನನ್ನ ಅಂಗೈಯಲ್ಲಿ ಇಟ್ಟುಕೊಂಡೆ. ಹೊಗೆಸೊಪ್ಪಿನ ಕಂದು ಬಣ್ಣ ಹಿಡಿದ ಬೆರಳುಗಳು, ನೂಲು ಎಳೆದು ಎಳೆದು ಗೆರೆ ಬಿದ್ದ ತೋರುಬೆರಳು. ಬೆಚ್ಚಗಿತ್ತು. ಅಮ್ಮ ಮಾಡುತ್ತಿದ್ದ ಹಾಗೆ ಕಣ್ಣು ಮುಚ್ಚಿದೆ. ಪ್ರಯೋಗಾಲಯದಲ್ಲಿ ಅಷ್ಟೆಲ್ಲ ಅಳೆದಿದ್ದೆ, ಯಾವುದನ್ನೂ ಇಷ್ಟು ಭಯದಿಂದ ಅಳೆದಿರಲಿಲ್ಲ. ಕೈ ಸುಮ್ಮನಿತ್ತು. ಒಂದು ಸಣ್ಣ ಅಲುಗಾಟವೂ ಇಲ್ಲ.

"ಸುಮ್ಮನೆ ಉಂಟು" ಎಂದೆ.

"ಅಕ್ಕನದ್ದೂ ಸುಮ್ಮನೆ ಉಂಟು ಅಮ್ಮ" ಎಂದಳು ತಂಗಿ. "ನಾನೂ ನೋಡಿದೆ."

ನನಗೆ ಆಗಲೇ ಹೊಳೆದದ್ದು. ಅಮ್ಮನ ಹೆದರಿಕೆಯ ಪಟ್ಟಿಯಲ್ಲಿ ನನ್ನ ಕೈಯೂ ಇತ್ತು. ಬೀಡಿ ಸುತ್ತದ ಕೈ ಎಂದು ಅವಳು ಅದನ್ನು ಯಾವತ್ತೂ ಹಿಡಿದು ನೋಡಿರಲಿಲ್ಲ, ಆದರೆ ಈಗ ತಂಗಿಯ ಮಾತಿಗೆ ಅವಳ ಕಣ್ಣು ತುಂಬಿದ ರೀತಿಯಲ್ಲೇ ಗೊತ್ತಾಯಿತು. ಕಾಡಿಗೆ ಎಲ್ಲರಿಗೂ ಉಂಟಾ ಎಂದು ಕೇಳಿದ್ದು ಸುಮ್ಮನೆ ಅಲ್ಲ.

ಅವಳು ತನ್ನ ಎರಡೂ ಕೈಗಳನ್ನು ಎತ್ತಿ ನಮ್ಮ ಕೈಗಳ ಮೇಲೆ ಇಟ್ಟಳು. ಇಟ್ಟದ್ದೇ ತಡ ಎಲ್ಲವೂ ಒಟ್ಟಿಗೆ ಅಲುಗತೊಡಗಿದವು. ಅಲುಗುವುದು ಯಾರ ಕೈಯೆಂದು ಕೇಳಿದ್ದರೆ ಆಗ ನನಗೂ ಹೇಳಲಿಕ್ಕೆ ಆಗುತ್ತಿರಲಿಲ್ಲ. ನಾವು ಯಾರೂ ಕೈ ತೆಗೆಯಲಿಲ್ಲ. ಅಂಗಳದಲ್ಲಿ ಅಪ್ಪ ಬಕೆಟ್ಟು ಹಿಡಿದುಕೊಂಡು ನಮ್ಮನ್ನೇ ನೋಡುತ್ತಾ ನಿಂತಿದ್ದ.

ಕೊನೆಗೆ ಅಮ್ಮನೇ ಕೈ ಹಿಂದೆ ತೆಗೆದುಕೊಂಡು ತಂಗಿಗೆ, "ಅಕ್ಕಿ ಮಡಕೆಯೊಳಗೆ ಕತ್ತರಿ ಉಂಟು. ತೆಗೆದುಕೊ" ಎಂದಳು.

"ಗೊತ್ತುಂಟು" ಎಂದಳು ತಂಗಿ. ದಿನಾ ತೆಗೆದು, ಕೆಲಸ ಮುಗಿಸಿ, ಅಲ್ಲೇ ಇಡುತ್ತಿದ್ದಳಂತೆ.

"ಇಟ್ಟದ್ದು ಕೆಳಗೆ, ಸಿಗುವುದು ಮೇಲೆ. ನನಗೆ ಗೊತ್ತಾಗುವುದಿಲ್ಲವಾ?" ಎಂದಳು ಅಮ್ಮ. ನಗು ತಡವಾಗಿಯಾದರೂ ಬಂತು.

ಮರುದಿನ ಬೆಳಿಗ್ಗೆ ನಾನು ಹೊರಡುವಾಗ ಇಬ್ಬರೂ ಜಗಲಿಯಲ್ಲಿದ್ದರು. ತಂಗಿ ಬೀಡಿ ಸುತ್ತುತ್ತಿದ್ದಳು. ಅಮ್ಮ ಅವಳಿಗೆ ಒಂದೊಂದೇ ಎಲೆ ಎತ್ತಿ ಕೊಡುತ್ತಿದ್ದಳು. ಬಹಳ ನಿಧಾನ. ತಂಗಿ ಒಂದು ಬೀಡಿ ಮುಗಿಸಿ ಕೈ ಚಾಚಿ ಕಾಯುತ್ತಿದ್ದಳು, ಅವಸರ ಮಾಡುತ್ತಿರಲಿಲ್ಲ. ಎಲೆ ಹಿಡಿದಷ್ಟು ಹೊತ್ತು ಅಮ್ಮನ ಕೈ ಹೆಚ್ಚು ಕಡಿಮೆ ಸುಮ್ಮನಿತ್ತು. ನನ್ನನ್ನು ಕಂಡು, ಇನ್ನೂ ಸ್ವಲ್ಪ ಹುಡುಕು ಎಂದಳು.

ಇಲ್ಲದ ಹುಡಿಯನ್ನು ಹೊರಗಿನಿಂದ ತುಂಬುವ ಮದ್ದು ಬಂದಿದೆ ಎಂಬ ಸುದ್ದಿ ನಮ್ಮವರೆಗೆ ತಲುಪುವ ಹೊತ್ತಿಗೆ ಅಮ್ಮ ಇರಲಿಲ್ಲ. ಅದರ ಬಗ್ಗೆ ನನಗೆ ಈಗಲೂ ಸಿಟ್ಟಿದೆ, ಯಾರ ಮೇಲೆ ಎಂದು ಗೊತ್ತಿಲ್ಲ. ಅವಳ ದಾಯೆಗೆ ಪೂರ್ತಿ ಉತ್ತರ ಸಿಕ್ಕಿದ್ದನ್ನು ನಾನಿನ್ನೂ ಎಲ್ಲಿಯೂ ಓದಿಲ್ಲ.

ತಂಗಿಯನ್ನು ಬೆಳ್ತಂಗಡಿಯ ಆಚೆ ಕಕ್ಕಿಂಜೆಗೆ ಕೊಟ್ಟರು. ನಾನು ಅಲ್ಲಿಗೆ ಹೋದಾಗಲೆಲ್ಲ ಅವಳು ಗೇಟಿನ ತನಕ ಬಂದು, ಚೀಲ ತೆಗೆದುಕೊಳ್ಳುವ ಮೊದಲು ನನ್ನ ಬಲಗೈ ಹಿಡಿಯುತ್ತಾಳೆ. ನಾನು ಅವಳದ್ದನ್ನು ಹಿಡಿಯುತ್ತೇನೆ. ನೋಡಿದವರು ಅಕ್ಕ ತಂಗಿಯರಿಗೆ ಎಷ್ಟು ಪ್ರೀತಿ ಎಂದುಕೊಳ್ಳುತ್ತಾರೆ. ನಾವಿಬ್ಬರೂ ಸ್ವಲ್ಪ ಹೊತ್ತು ಹಾಗೆಯೇ ನಿಲ್ಲುತ್ತೇವೆ. ಆಮೇಲೆ ಅವಳು, ಸುಮ್ಮನೆ ಉಂಟು ಎನ್ನುತ್ತಾಳೆ, ನಾನೂ ಸುಮ್ಮನೆ ಉಂಟು ಎನ್ನುತ್ತೇನೆ, ಊಟಕ್ಕೆ ಒಳಗೆ ಹೋಗುತ್ತೇವೆ.